ಮಾವನ ಜ್ವರ, ಮಾವನ ತಮಿಳು

ನನ್ನ ಗಂಡನನ್ನು ನಾನು ಮಾವ ಎಂದೇ ಕರೆಯುವುದು. ಅವನು ನನ್ನ ಅಮ್ಮನ ತಮ್ಮ. ನಮ್ಮವರಲ್ಲಿ ಅಕ್ಕನಿಗೆ ಮಗಳಿದ್ದರೆ ತಮ್ಮನಿಗೆ ಹೆಣ್ಣು ಹುಡುಕಲು ಯಾರೂ ಚಪ್ಪಲಿ ಸವೆಸುವುದಿಲ್ಲ. ಹಾಗಾಗಿ ನನಗೆ ಅಜ್ಜಿಯೂ ಅತ್ತೆಯೂ ಒಬ್ಬಳೇ. ಅಜ್ಜಿಯಾಗಿದ್ದಾಗ ಕರೆದು ಕರೆದು ಬೆಲ್ಲ ಕೊಡುತ್ತಿದ್ದವಳು, ಅತ್ತೆಯಾದ ಮೇಲೆ ಬೆಲ್ಲದ ಡಬ್ಬಿಯನ್ನು ನನ್ನ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಟ್ಟಳು. ಇರಲಿ, ಅದು ಬೇರೆ ಕತೆ.

ಅಮ್ಮನ ತವರಿನವರು ತಮಿಳುನಾಡಿನಲ್ಲಿದ್ದರೂ ಮನೆಯಲ್ಲಿ ಕನ್ನಡ ಆಡುವವರು. ಅಮ್ಮನನ್ನು ಹೊಗೆನಕಲ್ಲಿನ ಆಚೆ, ಕರ್ನಾಟಕದ ದಡಕ್ಕೆ ಕೊಟ್ಟಿದ್ದರು. ನಾನು ಓದಿದ್ದೆಲ್ಲ ಅಲ್ಲಿನ ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಸೇಲಂಗೆ ಬಂದಾಗ ನನಗೆ ಬರುತ್ತಿದ್ದ ತಮಿಳು ತೆಪ್ಪದವರ ಜೊತೆ, ಮೀನು ಹುರಿಯುವವರ ಜೊತೆ ಜಗಳವಾಡಲು ಸಾಕಾಗುವಷ್ಟಿತ್ತು. ಆಮೇಲೆ ರೇಷನ್ ಅಂಗಡಿಯ ಸಾಲಿನಲ್ಲಿ, ಟೌನ್ ಬಸ್ಸಿನ ನೂಕಾಟದಲ್ಲಿ ಅದು ಒಂದಿಷ್ಟು ಬೆಳೆಯಿತು. ಈಗಲೂ ಬಾಯಿ ತೆರೆದರೆ ನಾನು ಎಲ್ಲಿಯವಳು ಎಂದು ಎದುರಿನವರಿಗೆ ತಿಳಿದುಬಿಡುತ್ತದೆ. ನನಗೇನೂ ಬೇಜಾರಿಲ್ಲ. ಮಾವನಿಗೆ ಮಾತ್ರ ಅದು ಅವಮಾನ.

ಮಾವ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪಟ್ಟರೆಯಲ್ಲಿ ಬೆಸುಗೆ ಹಾಕುತ್ತಾನೆ. ಪಟ್ಟರೆ ಎಂದರೆ ಒಂದು ಗಿಡ್ಡ ಶೀಟಿನ ಕೋಣೆ, ಒಳಗೆ ಆರೇಳು ಜನ, ಗ್ಯಾಸಿನ ಉರಿ, ಹೊಗೆ. ಅಲ್ಲಿ ಎಲ್ಲರೂ ತಮಿಳರು. ಇವನೂ ಅವರಿಗಿಂತ ಹೆಚ್ಚು ತಮಿಳನಾಗಿದ್ದಾನೆ. ಯಾರಾದರೂ ಮನೆಯಲ್ಲಿ ಏನು ಮಾತಾಡುತ್ತೀರಿ ಎಂದು ಕೇಳಿದರೆ 'ತಮಿಳ್ ದಾನ್', ತಮಿಳೇ, ಎಂದು ಎದೆ ಉಬ್ಬಿಸುತ್ತಾನೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ 'ಅಮ್ಮೀ, ಇಟ್ಟಿಕ್ಕು' ಎಂದು ನನ್ನ ಹತ್ತಿರ ಕನ್ನಡದಲ್ಲೇ ಮುದ್ದೆ ಕೇಳುತ್ತಾನೆ. ಇಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆದರೆ ಕಟ್ಟಿಕೊಂಡದ್ದು ಇವನೊಬ್ಬನನ್ನೇ.

ಅಜ್ಜಿ ಇರುವುದು ಊರಲ್ಲಿ. ತೊಪ್ಪೂರು ಘಾಟಿ ಹತ್ತಿ, ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಅವಳಿಗೆ ಕುರಿಮಂದೆ ಉಂಟು, ಜೊತೆಗೆ ಹಾಲಿಗೆಂದು ನಾಲ್ಕಾರು ಆಡುಗಳು. ಭಾನುವಾರ ಬಂದರೆ ಮಾವ ಬಸ್ಸು ಹತ್ತಿ ಅಲ್ಲಿಗೆ ಓಡುತ್ತಾನೆ. ಎರಡು ವರ್ಷದ ಕೆಳಗೆ ಮಳೆಗಾಲದ ಕೊನೆಗೆ ಅಜ್ಜಿಯ ಗಬ್ಬದ ಕುರಿಗಳು ಒಂದರ ಹಿಂದೊಂದು ಕಂದು ಹಾಕತೊಡಗಿದವು. ಮರಿ ಹೊಟ್ಟೆಯಲ್ಲಿ ತುಂಬುವ ಮೊದಲೇ ಸತ್ತು ಬೀಳುವುದನ್ನು ನಾವು ಹಾಗೆ ಹೇಳುತ್ತೇವೆ, ಆಡುಮಾತಿನಲ್ಲಿ ಕಂದಾಕ್ತು. ಅಂಥ ಕೆಲಸಕ್ಕೆಲ್ಲ ಅಜ್ಜಿಗೆ ಮಗನೇ ಬೇಕು. ಇವನು ಬೆಳ್ಳಿ ತಂತಿ ಚುಚ್ಚಿ ಸೀಳಿದ ಬೆರಳುಗಳಲ್ಲೇ ಸತ್ತ ಮರಿಯನ್ನೂ ಅದರ ಹಿಂದೆ ಬೀಳುವ ಮಾಸನ್ನೂ ಎಳೆದು ಹಾಕಿ, ಬೇಲಿಯಾಚೆ ಬಿಸಾಕಿ, ಕೈಗೆ ನೀರು ತೋರಿಸಿ, ಊಟಕ್ಕೆ ಕೂತು, ಸಂಜೆಗೆ ಸೇಲಂ ಸೇರುತ್ತಿದ್ದ. ಆಗ ಯಾರಿಗೂ ಅದೊಂದು ವಿಷಯವೇ ಆಗಿರಲಿಲ್ಲ.

ಜ್ವರ ಶುರುವಾದದ್ದು ಅದಾದ ಕೆಲವು ವಾರಕ್ಕೆ. ಬೆಳಿಗ್ಗೆ ಚೆನ್ನಾಗಿರುವನು, ತಿಂಡಿ ತಿಂದು ಪಟ್ಟರೆಗೆ ಹೋಗುವನು. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಳಿ ಹತ್ತಿ ನಡುಗುವನು, ಆಮೇಲೆ ಮೈ ಕಾದು, ಆಮೇಲೆ ಚಾಪೆ ನೆನೆಯುವಷ್ಟು ಬೆವರು. ಸೊಂಟ ಹಿಡಿದುಕೊಂಡು ಕೂರುವನು, ಏಳುವಾಗ ಗೋಡೆ ಹಿಡಿಯುವನು. ಆಸ್ಪತ್ರೆಗೆ ನಡಿ ಎಂದರೆ ಒಂದು ಊಸಿ ಹಾಕಿಸಿಕೊಂಡರೆ ಹೋಗುತ್ತದೆ ಎನ್ನುತ್ತಿದ್ದ. ಇಂಜೆಕ್ಷನ್ನಿಗೆ ಅವನ ಬಾಯಲ್ಲಿ ಊಸಿ ಅಂತಲೇ ಹೆಸರು, ಸೂಜಿ ಎಂದರೆ ಅವನ ಗೌರವ ಕಡಿಮೆಯಾಗುತ್ತದೆ.

ಊಸಿ ಹಾಕಿಸಿಕೊಂಡದ್ದು ನಮ್ಮ ಬೀದಿ ತುದಿಯ ಕ್ಲಿನಿಕ್ಕಿನಲ್ಲಿ. ಅಲ್ಲಿನ ಡಾಕ್ಟರು ರೋಗಿಯ ಮುಖ ನೋಡಿದ್ದನ್ನು ನಾನು ಕಂಡವಳಲ್ಲ, ಫೋನು ನೋಡುತ್ತಲೇ ನಾಡಿ ಹಿಡಿಯುತ್ತಾರೆ. ವೈರಲ್ ಅಂದರು. ಈ ವೈರಲ್ ಎಂಬ ಮಾತಿನ ಅರ್ಥ ನನಗೆ ಆಮೇಲೆ ತಿಳಿಯಿತು: ನನಗೆ ಗೊತ್ತಿಲ್ಲ, ಮುಂದಿನವರನ್ನು ಕಳಿಸಿ ಎಂದು. ಊಸಿಯ ಜೊತೆಗೆ ಹಳದಿ ಬಣ್ಣದ ಡ್ರಿಪ್ಪನ್ನೂ ಏರಿಸಿದರು. ಬಣ್ಣ ಕಂಡರೆ ನಮ್ಮ ಜನಕ್ಕೆ ಅರ್ಧ ಕಾಯಿಲೆ ವಾಸಿ. ಜ್ವರವೂ ಮರ್ಯಾದೆಗೆ ಒಂದೆರಡು ದಿನ ಬಿಟ್ಟಿತು, ಆಮೇಲೆ ಅದೇ ಸಂಜೆಯ ಹೊತ್ತಿಗೆ ಬಂದು ಕೂತಿತು.

ಆಮೇಲೆ ಟೈಫಾಯ್ಡ್ ಆಯಿತು. ರಕ್ತ ಪರೀಕ್ಷೆಯಲ್ಲಿ ಬಂದಿದೆ ಎಂದರು. ನಮ್ಮ ಬೀದಿಯಲ್ಲಿ ಆ ಪರೀಕ್ಷೆ ಮಾಡಿಸಿದವರಿಗೆಲ್ಲ ಟೈಫಾಯ್ಡ್ ಬಂದೇ ಇದೆ, ಬಾರದೆ ಇದ್ದವರನ್ನು ನಾನಿನ್ನೂ ಹುಡುಕುತ್ತಿದ್ದೇನೆ. ಖಾರ ಬಿಟ್ಟು ಗಂಜಿ ಕುಡಿಸಿದೆ. ಮಾತ್ರೆ ನುಂಗಿದ. ಜ್ವರ ಇಳಿಯಿತು, ಮಾತ್ರೆ ಮುಗಿಯಿತು, ಜ್ವರ ಏರಿತು. ಆಗ ಪಕ್ಕದ ಮನೆಯವರು ಇದು ಡೆಂಗ್ಯೂ ಎಂದರು. ಡಾಕ್ಟರುಗಳಿಗಾದರೂ ರಕ್ತ ಬೇಕು, ಇವರಿಗೆ ಅದೂ ಬೇಡ. ಪರಂಗಿ ಎಲೆ ಅರೆದು ಸೊಪ್ಪಿನ ರಸ ಹಿಂಡಿ ತಂದು ಎದುರಿಗೇ ನಿಂತು ಕುಡಿಸಿದರು. ಮಾವ ಅವರ ಕಾಲ ಮೇಲೇ ವಾಂತಿ ಮಾಡಿಕೊಂಡ. ಆ ಒಂದು ಕೆಲಸಕ್ಕೆ ನಾನು ಅವನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಮುಂದಿನ ಡಾಕ್ಟರು ತುಂಬಾ ಓದಿದವರು. ಅವರ ಕೋಣೆಗೆ ಎ.ಸಿ. ಇತ್ತು. ಏನು ಕೆಲಸ ಎಂದು ಕೇಳಿದರಂತೆ. ನಾನು ಹೊರಗೆ ಕೂತಿದ್ದೆ. ನಾನು ಯಾವಾಗಲೂ ಹೊರಗೇ. 'ನೀನು ಒಳಗೆ ಬಂದು ಬಾಯಿ ಬಿಟ್ಟರೆ ನಮ್ಮನ್ನು ಕಾಡಿನಿಂದ ಬಂದವರು ಅನ್ಕೊತಾರೆ' ಎಂದು ಮಾವ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಹೋಗುತ್ತಿದ್ದ. ಬೆಳ್ಳಿ ಬೆಸುಗೆ ಎಂದು ಕೇಳಿದ ಕೂಡಲೇ ಆ ಡಾಕ್ಟರಿಗೆ ಎಲ್ಲ ಹೊಳೆದುಬಿಟ್ಟಿತು. ಲೋಹದ ಹೊಗೆ ಕುಡಿದರೂ ಜ್ವರ ಬರುತ್ತದೆಯಂತೆ, ಪುಸ್ತಕದಲ್ಲಿ ಇದೆಯಂತೆ. ಇಷ್ಟು ವರ್ಷ ಆ ಹೊಗೆಯನ್ನೇ ಕುಡಿದವನಿಗೆ ಈಗ ಯಾಕೆ ಎಂದು ಯಾರೂ ಕೇಳಲಿಲ್ಲ. ಪಟ್ಟರೆ ಬಿಡು, ಸ್ವಲ್ಪ ದಿನ ಹಳ್ಳಿಗೆ ಹೋಗು, ಒಳ್ಳೆಯ ಗಾಳಿ ಕುಡಿ ಎಂದರು.

ಒಳ್ಳೆಯ ಗಾಳಿ ಕುಡಿಯಲು ಮಾವ ಹೋದದ್ದು ಎಲ್ಲಿಗೆ? ಅಜ್ಜಿಯ ಕುರಿಹಟ್ಟಿಗೆ, ಜೊತೆಗೆ ನಾನೂ. ಅಲ್ಲಿ ಅವಳು ಮಗನ ಮೂಳೆ ಕಂಡು ಎದೆ ಬಡಿದುಕೊಂಡಳು. ನಾನು ಅನ್ನ ಹಾಕುತ್ತಿಲ್ಲ ಎಂದು ಊರಿಗೆಲ್ಲ ಸಾರಿದಳು. ಆಮೇಲೆ ದಿನಾ ಬೆಳಿಗ್ಗೆ ಆಡಿನ ಕೆಚ್ಚಲಿಗೆ ಲೋಟ ಹಿಡಿದು ಕರೆದು, ನೊರೆ ಆರುವ ಮೊದಲೇ ಮಗನಿಗೆ ಕುಡಿಸಿದಳು. ಕಾಯಿಸಿದರೆ ಸತ್ವ ಹೋಗುತ್ತದೆ ಎಂದು ಅವಳ ನಂಬಿಕೆ. ನನಗೆ ಆಡಿನ ಹಾಲಿನ ವಾಸನೆಯೇ ಆಗದು, ನಾನು ಮೂಗು ಮುಚ್ಚಿಕೊಂಡು ಆಚೆ ಹೋಗುತ್ತಿದ್ದೆ. ಅದಕ್ಕೂ ಪಟ್ಟಣದ ಸೊಕ್ಕು ಎಂದು ಹೆಸರು ಬಂತು. ಹಾಲು ಕುಡಿದಷ್ಟೂ ಜ್ವರ ಏರಿತು. ಜ್ವರ ಏರಿದಷ್ಟೂ ಹಾಲು ಹೆಚ್ಚಿಸಿದಳು.

ಅಲ್ಲಿ ಒಬ್ಬ ಶಾಸ್ತ್ರ ಹೇಳುವವನು ಬಂದ. ಕವಡೆ ಹಾಕಿ, ಕಣ್ಣು ಮುಚ್ಚಿ, ಹಟ್ಟಿಗೆ ಮುಟ್ಟಾದ ಹೆಂಗಸು ಕಾಲಿಟ್ಟಿದ್ದಾಳೆ, ಕುರಿಗಳು ಕಂದು ಹಾಕಿದ್ದೂ ಅದಕ್ಕೇ, ಮಗನಿಗೆ ಜ್ವರ ಬಂದದ್ದೂ ಅದಕ್ಕೇ ಎಂದ. ಆ ಹೆಂಗಸು ಯಾರು ಎಂದು ಅವನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರ ಕಣ್ಣೂ ನನ್ನ ಮೇಲೇ ಇತ್ತು. ನಾನು ಸುಮ್ಮನಿರುವವಳಲ್ಲ. ಕುರಿಗಳು ಕಂದು ಹಾಕುವಾಗ ನಾನು ಸೇಲಂನ ಮನೆಯಲ್ಲಿ ಕೂತು ಪಟ್ಟರೆಯವರ ಗೆಜ್ಜೆಗೆ ಬೆಳ್ಳಿ ಗುಂಡು ಪೋಣಿಸುತ್ತಿದ್ದೆ, ನಿಮ್ಮ ದೇವರಿಗೆ ಬಸ್ ರೂಟು ಗೊತ್ತಿಲ್ಲವೇ ಎಂದು ಕೇಳಿದೆ. ಶಾಸ್ತ್ರದವನು ಕವಡೆ ಕಟ್ಟಿಕೊಂಡು ಎದ್ದ. ಅಜ್ಜಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು, ಅದೊಂದು ವಾರ ಮನೆ ತಣ್ಣಗಿತ್ತು.

ಈಗ ನೆನೆದರೆ ಒಂದು ಮಾತು ಒಪ್ಪಬೇಕು. ಅಷ್ಟು ಡಾಕ್ಟರುಗಳಲ್ಲಿ ಯಾರೂ ಕುರಿಯನ್ನೂ ಜ್ವರವನ್ನೂ ಒಟ್ಟಿಗೆ ಹೇಳಿರಲಿಲ್ಲ. ಹೇಳಿದ್ದು ಆ ಕವಡೆ ಶಾಸ್ತ್ರದವನೊಬ್ಬನೇ. ಆ ಪುಣ್ಯಾತ್ಮ ಇಷ್ಟು ಹತ್ತಿರ ಬಂದು, ಕುರಿಯನ್ನು ಬಿಟ್ಟು ನನ್ನನ್ನು ಹಿಡಿದ.

ಮಾವನನ್ನು ಮತ್ತೆ ಸೇಲಂಗೆ ಕರೆತಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಸೇರಿಸಿದಾಗ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಅಲ್ಲಿ ತಲೆಯಿಂದ ಕಾಲವರೆಗೆ ಸ್ಕ್ಯಾನ್ ಮಾಡಿದರು. ಎದೆ ನೋಡಿದರು, ಹೃದಯ ನೋಡಿದರು, ಏಡ್ಸ್ ಇದೆಯೇ ಎಂದೂ ನೋಡಿದರು. ಆ ಪರೀಕ್ಷೆಯ ಸುದ್ದಿ ನಾನು ಬಾಯಿ ಬಿಡುವ ಮೊದಲೇ ನೆಂಟರ ಕಿವಿಗೆ ಬಿದ್ದಿತ್ತು. ಇಲ್ಲ ಎಂದು ಬಂದ ಸುದ್ದಿ ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ರಕ್ತವನ್ನು ಬಾಟಲಿಯಲ್ಲಿ ಹಾಕಿ ಕ್ರಿಮಿ ಬೆಳೆಯುತ್ತದೆಯೇ ಎಂದು ಕಾದರು, ಏನೂ ಬೆಳೆಯಲಿಲ್ಲ, ಚೆಲ್ಲಿದರು. ಕೊನೆಗೆ ಇದಕ್ಕೆ ಪಿ.ಯು.ಓ. ಎನ್ನುತ್ತಾರೆ ಎಂದರು. ಹೆಸರು ಸಿಕ್ಕಿತಲ್ಲ ಎಂದು ನನಗೆ ಜೀವ ಬಂದ ಹಾಗಾಯಿತು. ನರ್ಸಮ್ಮನನ್ನು ಅದೇನು ಎಂದು ಕೇಳಿದೆ. ಕಾರಣ ಗೊತ್ತಿಲ್ಲದ ಜ್ವರ ಅಂತಮ್ಮಾ ಎಂದಳು. ಗೊತ್ತಿಲ್ಲ ಎನ್ನುವುದಕ್ಕೂ ಇಂಗ್ಲಿಷಿನಲ್ಲಿ ಮೂರಕ್ಷರ ಇಟ್ಟುಕೊಂಡಿದ್ದಾರಲ್ಲ, ಅವರ ಬುದ್ಧಿಗೆ ಏನು ಹೇಳಲಿ.

ಆಮೇಲೆ ಮೂಳೆಯೊಳಗಿನ ಮಜ್ಜೆ ತೆಗೆದು ನೋಡಬೇಕು, ರಕ್ತದ ಕ್ಯಾನ್ಸರ್ ಇದ್ದರೂ ಇರಬಹುದು ಎಂದರು. ಅಲ್ಲವಾದರೆ ಟಿ.ಬಿ. ಇರಬಹುದು, ಸಿಗದೆ ಇದ್ದರೂ ಮಾತ್ರೆ ಶುರು ಮಾಡೋಣ ಎಂದರು. ಆ ಮಾತು ಕೇಳಿದ ಮೇಲೆ ನೆಂಟರು ಬರತೊಡಗಿದರು. ಬ್ರೆಡ್ಡು, ಮೋಸಂಬಿ ಹಿಡಿದು ಬಂದು, ಮಂಚದ ಸುತ್ತ ನಿಂತು, ತಾವು ಕಂಡ ಜ್ವರದ ಸಾವುಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಯಾರೋ ಚಿಕ್ಕಪ್ಪನಿಗೆ ಹೀಗೇ ಆಗಿತ್ತಂತೆ, ಸಂಜೆಸಂಜೆ ಬರುತ್ತಿತ್ತಂತೆ, ಆಮೇಲೆ ಒಂದು ದಿನ ಬೆಳಿಗ್ಗೆ ಏಳಲಿಲ್ಲವಂತೆ. ಮಾವ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದ. ಒಬ್ಬ ದೊಡ್ಡಮ್ಮ ಮಾತಾಡುತ್ತಾ ಮಾತಾಡುತ್ತಾ ನನ್ನ ಕುತ್ತಿಗೆಯ ತಾಳಿಯನ್ನೇ ನೋಡುತ್ತಿದ್ದಳು. ಅವಳು ತಂದಿದ್ದ ಮೋಸಂಬಿಯನ್ನು ಚೀಲಕ್ಕೆ ತುಂಬಿ ಅವಳ ಕೈಗೇ ಕೊಟ್ಟು, ಬಸ್ಸಿಗೆ ಹೊತ್ತಾಯಿತು ದೊಡ್ಡಮ್ಮ ಎಂದೆ.

ಅವಳು ಹೋದ ಮೇಲೆ ನಾನು ಕಕ್ಕಸಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ನನಗೆ ಭಯವಾಗಿತ್ತು. ನಾಲಿಗೆ ಎಷ್ಟು ಉದ್ದವಿದ್ದರೂ ಭಯ ಭಯವೇ. ನಾನು ತೊಡೆ ಏರಿ ಆಡಿದ ಮಾವ, ಜಾತ್ರೆಯಿಂದ ಬಳೆ ತಂದುಕೊಟ್ಟ ಮಾವ, ಆಮೇಲೆ ಗಂಡನಾಗಿ ಬೈಸಿಕೊಂಡ ಮಾವ, ಈ ಮನುಷ್ಯ ಸತ್ತರೆ ನನಗೆ ಒಂದೇ ಸಲಕ್ಕೆ ಇಬ್ಬರು ಸತ್ತ ಹಾಗೆ.

ಆ ಪರೀಕ್ಷೆಗೂ ಮಾತ್ರೆಗೂ ಮೊದಲೇ ಕೈಯಲ್ಲಿದ್ದ ದುಡ್ಡು ಮುಗಿದು, ಖಾಸಗಿ ಆಸ್ಪತ್ರೆಯಲ್ಲಿ ಇನ್ನು ಇರಲಾಗದೆ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅವತ್ತು ಅವನಿಗೆ ನಿಲ್ಲಲು ಆಗುತ್ತಿರಲಿಲ್ಲ. ಕಂಕುಳಿಗೆ ಹೆಗಲು ಕೊಟ್ಟು ನಾನೇ ಹಿಡಿದುಕೊಂಡಿದ್ದೆ. ಅಂಥ ಸ್ಥಿತಿಯಲ್ಲೂ ಡಾಕ್ಟರ ಕೋಣೆಯ ಬಾಗಿಲಲ್ಲಿ ನನ್ನ ಕಿವಿಗೆ ಬಾಯಿ ತಂದು 'ನೀ ಪೇಸಾದೆ' ಎಂದ. ಮಾತಾಡಬೇಡ ಎನ್ನುವುದನ್ನೂ ತಮಿಳಿನಲ್ಲೇ ಹೇಳಿದ. ಬಿಟ್ಟು ಹೊರಗೆ ಹೋಗಿದ್ದರೆ ಅಲ್ಲೇ ಕುಸಿಯುತ್ತಿದ್ದ, ಅದಕ್ಕೇ ನನಗೆ ಒಳಗೆ ಹೋಗುವ ಯೋಗ ಬಂತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೇವತೆ ಎಂದೇನೂ ತಿಳಿಯಬೇಡಿ. ಬಿಸ್ಕತ್ತು ಕಡಿಯುತ್ತಲೇ ನನ್ನನ್ನು ಗದರಿದಳು, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು. ಆದರೆ ಹಳೆಯ ಫೈಲನ್ನು ಪಕ್ಕಕ್ಕೆ ತಳ್ಳಿ ಮೊದಲಿನಿಂದ ಕೇಳತೊಡಗಿದಳು. ಎಲ್ಲಿಗೆ ಹೋಗಿದ್ದೆ, ಏನು ತಿಂದೆ, ಏನು ಕುಡಿದೆ, ಮೈಮೇಲೆ ಹುಳು ಕಚ್ಚಿದ ಕಪ್ಪು ಗಾಯ ಇದೆಯೇ, ಮನೆಯಲ್ಲಿ ಆಡು, ದನ ಇವೆಯೇ. ಅದಕ್ಕೆ ಮಾವ ತನ್ನ ಚೊಕ್ಕ ತಮಿಳಿನಲ್ಲಿ ಉತ್ತರ ಕೊಟ್ಟ.

"ಊರ್ಲ ಆಡುಂಗ ಇರುಕ್ಕು ಮೇಡಂ. ಇಂದ ವರುಷಂ ಎಲ್ಲಾಂ ಕನ್ನು ಪೋಟ್ಟುಚ್ಚು."

ಡಾಕ್ಟರು ಒಳ್ಳೆಯದು ಎಂದು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದಳು.

ನನಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಹೊಳೆದಾಗ ನಗಬೇಕೋ ಅವನ ತಲೆಗೆ ಮೊಟಕಬೇಕೋ ತಿಳಿಯಲಿಲ್ಲ. ತಮಿಳಿನಲ್ಲಿ ಕುರಿಗೂ ಆಡು ಎಂದೇ ಹೆಸರು, ಅದಿರಲಿ, ಆದರೆ ಕನ್ನು ಎಂದರೆ ಕರು. ಕನ್ನು ಪೋಟ್ಟುಚ್ಚು ಎಂದರೆ ಕರು ಹಾಕಿತು, ಸುಖವಾಗಿ ಈದಿತು ಎಂದು. ಈ ಮಹಾಶಯ ನಮ್ಮ ಕಂದನ್ನು ಕನ್ನು ಮಾಡಿದ್ದ, ಹಾಕಿದ್ದನ್ನು ಪೋಟ್ಟು ಮಾಡಿದ್ದ. ಕಂದಾಕ್ತು ಹೋಗಿ ಕನ್ನು ಪೋಟ್ಟುಚ್ಚು ಆಗಿತ್ತು. ಸತ್ತು ಬಿದ್ದ ಮರಿಗಳೆಲ್ಲ ಅವನ ತಮಿಳಿನಲ್ಲಿ ಎದ್ದು ಹಾಲು ಕುಡಿಯುತ್ತಿದ್ದವು. ಕೇಳಿದವರು ಹಳ್ಳಿಯವನು, ಕುರಿಮರಿಗೂ ಕರು ಅನ್ನುತ್ತಾನೆ, ಹೋಗಲಿ ಅಂದುಕೊಂಡಿರಬೇಕು. ಹುಟ್ಟಿದಾಗಿನಿಂದ ತಮಿಳು ಆಡುವವನಿಗೆ ಇಷ್ಟು ತಿಳಿಯದೇ ಎಂದು ನೀವು ಕೇಳಬಹುದು. ತಿಳಿಯುವುದಿಲ್ಲ. ಪಟ್ಟರೆಯ ಮಾತು, ಬಸ್ಸಿನ ಮಾತು, ಸಿನಿಮಾ ಮಾತು ಅವನಿಗೆ ತಮಿಳಿನಲ್ಲಿ ಬರುತ್ತದೆ. ಕುರಿಯ ಮಾತನ್ನು ಅವನು ಅವನಮ್ಮನ ಜೊತೆ ಬಿಟ್ಟು ಇನ್ಯಾರ ಜೊತೆಗೂ ಆಡಿದವನಲ್ಲ. ಅದು ಅವನಿಗೆ ಕನ್ನಡದಲ್ಲಿ ಮಾತ್ರ ಇತ್ತು. ಅದನ್ನು ಒಪ್ಪಿಕೊಳ್ಳುವ ಬದಲು ಅಲ್ಲೇ ನಿಂತು ಒಂದು ತಮಿಳು ಹೊಲಿದ.

"ಮಾವ, ಇದನ್ನೇ ಯೋಳಿದ್ಯಾ ಆ ಆಸ್ಪತ್ರೇಲೂವೆ?" ಎಂದು ಕೇಳಿದೆ.

"ಊ ಕಣೇ. ಸುಮ್ಕಿರು" ಎಂದ.

ನಾನು ಸುಮ್ಮನಿರಲಿಲ್ಲ. ನನ್ನ ಮುರುಕು ತಮಿಳಿನಲ್ಲೇ ಡಾಕ್ಟರಿಗೆ ಹೇಳಿದೆ. ಅವು ಈದಿದ್ದಲ್ಲ ಮೇಡಂ, ಹೊಟ್ಟೆಯಲ್ಲೇ ಸತ್ತು ಬಿದ್ದದ್ದು, ಒಂದಲ್ಲ ಎರಡಲ್ಲ, ಒಂದರ ಹಿಂದೊಂದು, ಈ ಮನುಷ್ಯನೇ ಬರಿಗೈಯಲ್ಲಿ ಎಳೆದು ಹಾಕಿದ್ದು ಎಂದು. ಸತ್ತ ಎನ್ನುವ ಮಾತಿಗೆ ತಮಿಳು ಸಿಕ್ಕಿತು, ಮಾಸು ಎನ್ನುವುದಕ್ಕೆ ಸಿಗಲಿಲ್ಲ, ಕೈಯಲ್ಲಿ ತೋರಿಸಿದೆ. ಮಾವ ನಾಚಿಕೆಯಿಂದ ಫ್ಯಾನು ನೋಡುತ್ತಿದ್ದ. ಡಾಕ್ಟರು ಬಿಸ್ಕತ್ತನ್ನು ಕೆಳಗಿಟ್ಟಳು. ಕೈಯಲ್ಲಿ ಗಾಯ ಇತ್ತೇ ಎಂದಳು, ನಾನು ಅವನ ಬೆರಳುಗಳನ್ನು ಬಿಡಿಸಿ ತೋರಿಸಿದೆ. ಹಸಿ ಹಾಲು ಕುಡಿದನೇ ಎಂದಳು, ಲೋಟಗಟ್ಟಲೆ ಎಂದೆ. ಅವಳು ಇಷ್ಟು ಹೊತ್ತು ನನಗೆ ಗದರಿದ್ದನ್ನು ಬಿಟ್ಟು ಅವನಿಗೆ ಗದರತೊಡಗಿದಳು. ಆ ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಮೊದಲ ಸಂತೋಷ ಅದು.

ಇನ್ನೊಂದು ಉಳಿದಿತ್ತು. ಕೆಳಗೆ ಎಲ್ಲಾದರೂ ಊತ, ನೋವು ಇದೆಯೇ ಎಂದು ಅವಳು ಕೇಳಿದಳು. ಇಲ್ಲವೇ ಇಲ್ಲ ಎಂದು ಮಾವ ಬೇಗ ಹೇಳಿಬಿಟ್ಟ. ಅಷ್ಟು ಬೇಗ ಹೇಳಿದ್ದಕ್ಕೇ ಅವಳಿಗೆ ಅನುಮಾನ ಬಂದಿರಬೇಕು. ನನ್ನನ್ನು ಹೊರಗೆ ಕಳಿಸಿ ಒಬ್ಬ ಗಂಡು ಡಾಕ್ಟರನ್ನು ಕರೆಸಿದಳು. ಮತ್ತೆ ಒಳಗೆ ಕರೆದಾಗ ಮಾವನ ಕಿವಿ ಕೆಂಪಾಗಿತ್ತು. ಬೀಜ ಊದಿ ವಾರಗಳಾಗಿದ್ದವಂತೆ. ನನಗೆ ಹೇಳಿರಲಿಲ್ಲ, ಯಾವ ಡಾಕ್ಟರಿಗೂ ಹೇಳಿರಲಿಲ್ಲ, ಕೇಳಿದರೆ ಸೊಂಟ ನೋವು ಎನ್ನುತ್ತಿದ್ದ. ಪ್ರಾಣ ಹೋದರೂ ಚಿಂತೆಯಿಲ್ಲ, ಲುಂಗಿ ಮೇಲೇಳಬಾರದು. ಗಂಡಸರ ಮಾನ ಎಲ್ಲಿರುತ್ತದೆ ಎಂದು ನನಗೆ ಅವತ್ತು ಖಚಿತವಾಯಿತು.

ರಕ್ತ ತೆಗೆದರು. ಬ್ರೂಸೆಲ್ಲಾ ಎಂದು ಒಂದು ಕ್ರಿಮಿ ಇದೆಯಂತೆ. ಕುರಿ, ಆಡು, ದನ ಕಂದು ಹಾಕುವುದು ಅದರಿಂದಲೂ ಉಂಟಂತೆ, ಅವುಗಳ ಮಾಸಿನಿಂದ, ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದಂತೆ, ಗಂಡಸರಿಗೆ ಬೀಜ ಊದುವುದೂ ಅದರಿಂದ ಉಂಟಂತೆ. ರಕ್ತದ ಬಾಟಲಿಯಲ್ಲಿ ಅದು ಬಹಳ ನಿಧಾನವಾಗಿ ಬೆಳೆಯುವುದರಿಂದ ಲ್ಯಾಬಿನವರಿಗೆ ಮೊದಲೇ ಹೇಳಿ ಕಾಯಿಸಬೇಕಂತೆ, ಅದಕ್ಕೆಂದೇ ಬೇರೆ ರಕ್ತ ಪರೀಕ್ಷೆಯೂ ಉಂಟಂತೆ. ಕುರಿಗಳು ಸುಖವಾಗಿ ಈದಿವೆ ಎಂದರೆ ಯಾರು ಕಾಯುತ್ತಾರೆ, ಯಾಕೆ ಕಾಯುತ್ತಾರೆ? ಪರೀಕ್ಷೆಯಲ್ಲಿ ಅದೇ ಎಂದು ಬಂತು. ಕ್ಯಾನ್ಸರೂ ಅಲ್ಲ, ಟಿ.ಬಿ.ಯೂ ಅಲ್ಲ, ಗುಣವಾಗುವ ಕಾಯಿಲೆ ಎಂದಳು ಡಾಕ್ಟರು. ಅವಳ ಮೇಜಿನ ಮೇಲಿದ್ದ ಬಿಸ್ಕತ್ತಿನ ಪೊಟ್ಟಣ ಖಾಲಿಯಾಗಿತ್ತು, ನಾನು ಹೊರಗೆ ಹೋಗಿ ಎರಡು ತಂದಿಟ್ಟೆ.

ಎರಡು ಬಗೆಯ ಮಾತ್ರೆ, ವಾರಗಟ್ಟಲೆ, ಒಂದು ಹೊತ್ತೂ ತಪ್ಪಬಾರದು. ಮೊದಮೊದಲು ಇಂಜೆಕ್ಷನ್ನೂ ಇತ್ತು, ಊಸಿಪ್ರಿಯನಿಗೆ ಅದೊಂದು ಸಮಾಧಾನ. ಮಾತ್ರೆಗೆ ಉಚ್ಚೆ ಕೆಂಪಗಾಗುತ್ತದೆ ಎಂದು ಡಾಕ್ಟರು ತಮಿಳಿನಲ್ಲಿ ಚೆನ್ನಾಗಿಯೇ ಹೇಳಿದ್ದಳು. ಆದರೂ ಮೊದಲ ದಿನ ಕಕ್ಕಸಿನಿಂದ ಗೋಡೆ ಹಿಡಿದು ಬಂದು, ರಕ್ತ ಹೋಗುತ್ತಿದೆ, ನನ್ನ ಕತೆ ಮುಗಿಯಿತು, ಅಮ್ಮನನ್ನು ಕರೆಸು ಎಂದ. ಇಷ್ಟು ಚೆನ್ನಾಗಿ ತಮಿಳು ಬರುವವನು ಅದನ್ನು ಕೇಳಿಸಿಕೊಳ್ಳುವುದನ್ನೂ ಕಲಿಯಬಹುದಿತ್ತು.

ಅಜ್ಜಿಗೆ ಹೇಳಿದಾಗ ಅವಳು ನಂಬಲಿಲ್ಲ.

"ನನ್ ಕುರಿ ಮ್ಯಾಲೆ ಯಾಕ್ಲಾ ಒರಿಸ್ತೀರಿ? ಅವ್ಕೇನ್ ಬಾಯೈತಾ ಜಗಳಕ್ ಬರಾಕೆ?" ಎಂದು ಮಗನಿಗೆ ಬೈದಳು.

ನನಗೆ ಬಾಯಿದೆ ಎಂಬುದಕ್ಕೇ ಅಲ್ಲವೇ ಅವತ್ತು ಎಲ್ಲರೂ ನನ್ನ ಮೇಲೆ ಹೊರಿಸಿದ್ದು ಎಂದು ನಾನು ಕೇಳಿದೆ. ಅವಳಿಗೆ ಅದು ಕೇಳಿಸಲಿಲ್ಲ, ಬೇಡದ ಮಾತು ಅವಳಿಗೆ ಯಾವತ್ತೂ ಕೇಳಿಸುವುದಿಲ್ಲ. ದನದ ಡಾಕ್ಟರು ಬಂದು ಕುರಿಗಳ ರಕ್ತ ತೆಗೆದ. ಕೆಲವಕ್ಕೆ ಕಾಯಿಲೆ ಇದೆ, ಬೇರೆ ಮಾಡಿ, ಮಾರಬೇಡಿ, ಹಾಲು ಕಾಯಿಸದೆ ಕುಡಿಯಬೇಡಿ, ಬಿದ್ದ ಮರಿಯನ್ನು ಆಳವಾಗಿ ಹೂಳಿ ಎಂದು ಹೇಳಿದ. ಅಜ್ಜಿಯ ರಕ್ತವನ್ನೂ ಆಸ್ಪತ್ರೆಯಲ್ಲಿ ನೋಡಿಸಿದೆವು, ಅವಳಿಗೆ ಏನೂ ಇರಲಿಲ್ಲ. ಕ್ರಿಮಿಗೂ ಅವಳನ್ನು ಕಂಡರೆ ಹೆದರಿಕೆ ಇದ್ದೀತು. ಈಗ ಹಾಲು ಕಾಯಿಸುತ್ತಾಳೆ, ಪ್ರತಿ ಲೋಟಕ್ಕೂ ರುಚಿ ಹೋಯಿತು ಎಂದು ನನ್ನನ್ನೇ ದೂರುತ್ತಾಳೆ.

ಮಾವ ಕೊಂಚ ಕೊಂಚವಾಗಿ ಎದ್ದು ಕೂತ. ಪಟ್ಟರೆಯವರು ನೋಡಲು ಬಂದಾಗ ಏನು ಹೇಳಿದ ಗೊತ್ತೇ? ಅಷ್ಟು ಆಸ್ಪತ್ರೆ ಸುತ್ತಿದರೂ ಯಾರಿಗೂ ತಿಳಿಯಲಿಲ್ಲ, ಕೊನೆಗೆ ನಾನೇ ಡಾಕ್ಟರಿಗೆ ಕುರಿ ವಿಷಯ ಹೇಳಿದೆ, ಆಗ ಕಂಡುಹಿಡಿದರು ಎಂದ. ತಮಿಳಿನಲ್ಲಿ, ಕೈ ತಿರುಗಿಸಿಕೊಂಡು. ನಾನು ಅಡುಗೆಮನೆಯಲ್ಲಿ ಅವರಿಗೆ ಟೀ ಸೋಸುತ್ತಿದ್ದೆ. ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ. ಅವನು ನನ್ನ ಕಡೆ ನೋಡಲಿಲ್ಲ.

ಜ್ವರ ಬಿಟ್ಟದ್ದು ಯಾವತ್ತು ಎಂದು ನನಗೆ ಗೊತ್ತಾಗಲಿಲ್ಲ. ಒಂದೇ ದಿನ ಬಿಡಲಿಲ್ಲ ಅದು. ಸಂಜೆಯದು ತಡವಾಯಿತು, ಆಮೇಲೆ ಕಡಿಮೆಯಾಯಿತು, ಮೈ ಸ್ವಲ್ಪ ಬೆಚ್ಚಗಿರುವುದು ಹಾಗೇ ಉಳಿಯಿತು. ಅಷ್ಟು ತಿಂಗಳು ಮುಟ್ಟಿದಾಗೆಲ್ಲ ಕಾದ ಮೈಯೇ ಸಿಕ್ಕು, ಮಾವನ ಮೈ ಇರುವುದೇ ಹಾಗೆ ಎಂದು ನನ್ನ ಕೈ ತಿಳಿದುಕೊಂಡಿತ್ತು. ಒಂದು ಮಧ್ಯಾಹ್ನ ಅವನು ಉಂಡು ಮಲಗಿದ್ದ. ನಾನು ಪಕ್ಕದಲ್ಲೇ ಕೂತು ಗೆಜ್ಜೆ ಪೋಣಿಸುತ್ತಿದ್ದೆ. ಗೊರಕೆ ಇರಲಿಲ್ಲ, ಮುಲುಕಾಟ ಇರಲಿಲ್ಲ, ಹೊರಳಾಟ ಇರಲಿಲ್ಲ. ಏನೋ ನೆನಪಾಗಿ ಹಣೆಯ ಮೇಲೆ ಕೈಯಿಟ್ಟೆ. ಹಣೆ ತಣ್ಣಗಿತ್ತು. ಕುತ್ತಿಗೆ ಮುಟ್ಟಿದೆ, ಅದೂ ತಣ್ಣಗಿತ್ತು.

ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತಂತೆ. ನನಗೆ ನೆನಪಿರುವುದು ಇಷ್ಟೇ, ಅವನ ಎದೆಯ ಮೇಲೆ ಬಿದ್ದು ಎರಡೂ ಕೈಯಲ್ಲಿ ಅಂಗಿ ಹಿಡಿದು ಅಲ್ಲಾಡಿಸುತ್ತಿದ್ದೆ. ಪೋಣಿಸಿದ್ದ ಗುಂಡೆಲ್ಲ ನೆಲದ ಮೇಲೆ ಉರುಳಿದ್ದವು. ಬೀದಿಯವರು ಬಾಗಿಲಲ್ಲಿ ಸೇರಿ, ಪರಂಗಿ ಎಲೆಯ ಪಕ್ಕದ ಮನೆಯವರು ಒಳಗೇ ಬಂದು, ಎಲ್ಲ ಮುಗಿಯಿತು ಎಂದು ತಾವೂ ಬಾಯಿ ಬಡಿದುಕೊಳ್ಳಲು ಶುರು ಮಾಡಿದ್ದರು. ಅಷ್ಟರಲ್ಲಿ ಮಾವ ಕಣ್ಣು ಬಿಟ್ಟ. ಅವರನ್ನು ನೋಡಿದ, ನನ್ನನ್ನು ನೋಡಿದ. ಅಷ್ಟು ಜನ ತಮಿಳರ ಎದುರಿಗೆ ಕನ್ನಡದಲ್ಲಿ ಬೈದ.

"ಏನೇ ಬಂತು ನಿಂಗೆ? ಜರ ಬುಟ್ರೂ ನೀ ಬುಡಲ್ವಲ್ಲೇ."

ನಾನು ಅವನ ಎದೆಗೆ ಗುದ್ದಿದೆ. ಅಳು ನಿಲ್ಲುತ್ತಿರಲಿಲ್ಲ, ಆದರೂ ಹೇಳಿದೆ.

"ಇನ್ಮ್ಯಾಕೆ ತಣ್ಣಗೆ ಮಲಗೋದಾದ್ರೆ ಯೋಳ್ಬುಟ್ಟು ಮಲಗು, ಮಾವ."